ಒಂದು ರೆಕಾರ್ಡು, ನಾಲ್ಕು ಜೊತೆ ಕಿವಿ

ಜಾಝ್ ಹುಚ್ಚಿನ ನಾವು ನಾಲ್ಕು ಜನ ಆಗಾಗ ಭಾನುವಾರ ಸಂಜೆ ಮಲ್ಲೇಶ್ವರದ ಒಂದು ಮನೆಯಲ್ಲಿ ಸೇರುತ್ತೇವೆ. ಮನೆ ನಮ್ಮ ಮೇಷ್ಟ್ರದು. ಫಿಸಿಕ್ಸ್ ಪಾಠ ಮಾಡಿ ನಿವೃತ್ತರಾದವರು. ಮೃದಂಗ ಕಲಿತ ಗೆಳತಿ ಒಬ್ಬಳು, ಸೌಂಡ್ ಇಂಜಿನಿಯರ್ ಆಗಿರುವ ಹುಡುಗ ಒಬ್ಬ, ಮತ್ತೆ ನಾನು. ನಿಯಮ ಎರಡೇ. ರೆಕಾರ್ಡು ಓಡುವಾಗ ಯಾರೂ ಮಾತಾಡುವ ಹಾಗಿಲ್ಲ. ಮುಗಿದ ಮೇಲೆ ಸುಮ್ನೆ "ಚೆನ್ನಾಗಿತ್ತು" ಅಂದು ಕೂತುಬಿಡುವ ಹಾಗೂ ಇಲ್ಲ. ಎಲ್ಲಿ ಏನು ಕೇಳಿಸಿತು, ಯಾರು ಏನು ಮಾಡಿದರು ಅಂತ ಹೇಳಲೇಬೇಕು.

ಈ ಎರಡನೇ ನಿಯಮ ನನಗೆ ತುಂಬ ಕೊಟ್ಟಿದೆ. ಒಬ್ಬಳೇ ಕೇಳುವಾಗ ನನ್ನ ಕಿವಿ ಯಾವಾಗಲೂ ಮುಂದೆ ನಿಂತವರ ಹಿಂದೆಯೇ ಹೋಗುತ್ತದೆ. ಟ್ರಂಪೆಟ್ ಬಂದರೆ ಟ್ರಂಪೆಟ್, ಸ್ಯಾಕ್ಸೊಫೋನ್ ಬಂದರೆ ಸ್ಯಾಕ್ಸೊಫೋನ್. ನನ್ನ ಗೆಳತಿ ಹಾಗಲ್ಲ. ಅವಳು ಮೊದಲು ಡ್ರಮ್ಸ್ ಕೇಳುತ್ತಾಳೆ. ಹುಡುಗ ಕೋಣೆಯನ್ನು ಕೇಳುತ್ತಾನೆ: ಗೋಡೆ ಎಷ್ಟು ದೂರ, ಮೈಕ್ ಎಲ್ಲಿ, ಯಾರು ಯಾರ ಪಕ್ಕ ನಿಂತಿದ್ದಾರೆ. ಮೇಷ್ಟ್ರು ಆ ಹಾಡಿನ ಬೇರೆ ಐದಾರು ರೆಕಾರ್ಡಿಂಗುಗಳನ್ನು ನೆನಪಿನಲ್ಲಿಟ್ಟುಕೊಂಡು ಕೇಳುತ್ತಾರೆ. ಹೀಗೆ ಒಂದೇ ರೆಕಾರ್ಡು ತಟ್ಟೆಯಲ್ಲಿ ನಾಲ್ಕು ಬೇರೆ ಬೇರೆ ಕಛೇರಿ ನಡೆದಿರುತ್ತದೆ. ಆಮೇಲಿನ ಮಾತಿನಲ್ಲಿ ನಾಲ್ಕೂ ಎಲ್ಲರ ಪಾಲಿಗೆ ಬರುತ್ತವೆ.

ಕಳೆದ ಸಲ ಹುಡುಗ ತಂದಿದ್ದು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'. ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ ಆಗಿರುವ ಆಲ್ಬಂ. ಆದರೆ ಅವನಿಗೆ ಬೇಕಿದ್ದು ಎರಡು ಪ್ರತಿಗಳನ್ನು ಎದುರುಬದುರು ಇಟ್ಟು ಕೇಳುವುದು. ಒಂದು ಮೇಷ್ಟ್ರ ಹಳೆಯ ಎಲ್‌ಪಿ, ಇನ್ನೊಂದು 1992ರ ನಂತರ ಬಂದ ಸಿಡಿ. ಮೊದಲ ಹಾಡು 'ಸೋ ವಾಟ್' ಎರಡರಲ್ಲೂ ಹಾಕಿದ. ಗೆಳತಿ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಕೂತಿದ್ದಳು. ಎರಡರ ಶ್ರುತಿ ಬೇರೆ! ಎಲ್‌ಪಿಯದು ಒಂದು ಎಳೆ ಮೇಲೆ.

ಕಾರಣ ಇದು. ಆ ಆಲ್ಬಂ ರೆಕಾರ್ಡ್ ಆಗಿದ್ದು 1959ರಲ್ಲಿ, ಎರಡೇ ದಿನದಲ್ಲಿ: ಮಾರ್ಚ್ 2 ಮತ್ತು ಏಪ್ರಿಲ್ 22. ಜಾಗ ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ರೆಕಾರ್ಡ್ ಕಂಪನಿಯ ಸ್ಟುಡಿಯೊ, ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಮಾರ್ಚ್ 2ರಂದು ಮಾಸ್ಟರ್ ಟೇಪಿನ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ನಿಧಾನವಾಗಿ ಹಿಡಿದ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ, ನಡೆಯೂ ಒಂಚೂರು ಚುರುಕಾಗುತ್ತದೆ. ಹೀಗಾಗಿ ಮೊದಲ ಬದಿಯ ಮೂರೂ ಹಾಡುಗಳು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಏರಿದ ಶ್ರುತಿಯಲ್ಲೇ ಊರೂರು ಸುತ್ತಿದವು. ಅವತ್ತು ಜೊತೆಗೆ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪು ಸರಿಯಾಗಿತ್ತು. 1992ರ ಮರುಬಿಡುಗಡೆಯಲ್ಲಿ ಅದನ್ನು ಬಳಸಿದರು.

"ನನಗೆ ಸರಿಯಾದದ್ದೇ ಅಪಸ್ವರ ಅನ್ನಿಸುತ್ತಪ್ಪ," ಅಂದರು ಮೇಷ್ಟ್ರು. "ನನ್ನ ಕಿವಿ ಆ ಶ್ರುತಿಗೇ ಕೂತುಬಿಟ್ಟಿದೆ."

"ಸರ್, ಆದ್ರೆ ಅವರು ಅವತ್ತು ನುಡಿಸಿದ್ದು ಇದನ್ನೇ ಅಲ್ವಾ?" ಅಂದ ಹುಡುಗ.

ನಾನು ಹುಡುಗನ ಕಡೆ. ಸರಿಯಾದ ವೇಗದಲ್ಲಿ ಪಾಲ್ ಚೇಂಬರ್ಸ್‌ನ ಬೇಸ್, ಅಂದರೆ ತಗ್ಗು ಸ್ವರದ ದೊಡ್ಡ ತಂತಿವಾದ್ಯ, ನೆಲ ಮುಟ್ಟಿ ನಿಲ್ಲುತ್ತದೆ. ಮೈಲ್ಸ್‌ನ ಸೋಲೊ, ಅಂದರೆ ಅವನೊಬ್ಬನೇ ಮುಂದೆ ನಿಂತು ನುಡಿಸುವ ಪಾಲು, ಶುರುವಾಗುವ ಗಳಿಗೆಯಲ್ಲಿ ಡ್ರಮ್ಮರ್ ಜಿಮ್ಮಿ ಕಾಬ್ ಸಿಂಬಲ್ ಮೇಲೆ ಒಂದು ದೊಡ್ಡ ಏಟು ಹಾಕುತ್ತಾನೆ. ಆ ಏಟು ಹರಡಿ ಕರಗುವುದಕ್ಕೆ ಇನ್ನಷ್ಟು ಜಾಗ ಸಿಗುತ್ತದೆ. ಗೆಳತಿ ಆ ಒಂದು ಏಟಿನ ಬಗ್ಗೆಯೇ ಬಹಳ ಹೊತ್ತು ಮಾತಾಡಿದಳು. ಬಾಗಿಲು ತೆರೆದವನು ಅವನು, ಒಳಗೆ ಬಂದವನು ಮೈಲ್ಸ್, ಅಂತ ಅವಳ ಅಭಿಪ್ರಾಯ. ನಾನು ಒಪ್ಪುತ್ತೇನೆ.

ಅದೇ ಬದಿಯ ಎರಡನೇ ಹಾಡು 'ಫ್ರೆಡ್ಡಿ ಫ್ರೀಲೋಡರ್'ನಲ್ಲಿ ಪಿಯಾನೊ ಕೈ ಬದಲಾಗುತ್ತದೆ. ಉಳಿದ ಹಾಡುಗಳಲ್ಲಿ ಬಿಲ್ ಇವಾನ್ಸ್, ಇದರಲ್ಲಿ ಮಾತ್ರ ವಿಂಟನ್ ಕೆಲ್ಲಿ. ಹೆಸರು ನೋಡದೆ ಕೇಳಿದರೂ ಗೊತ್ತಾಗುತ್ತದೆ. ಕೆಲ್ಲಿಯ ಬೆರಳಲ್ಲಿ ಕಪ್ಪು ಅಮೆರಿಕನ್ನರ ಹಾಡಿನ ಧಾಟಿಯಾದ ಬ್ಲೂಸ್ ಕುಣಿಯುತ್ತದೆ. ಇವಾನ್ಸ್ ಆದರೆ ಸ್ವರಗಳ ನಡುವೆ ಬಿಡುವು ಬಿಟ್ಟು ಕಾಯುತ್ತಾನೆ. ಪಕ್ಕವಾದ್ಯದವರು ಬದಲಾದರೆ ಕಛೇರಿಯ ಹದವೇ ಬದಲಾಗುವುದು ನಮಗೆ ಗೊತ್ತಿರುವ ಸಂಗತಿ. ಜಾಝ್‌ನಲ್ಲಿ ಅದು ಇನ್ನೂ ಜಾಸ್ತಿ.

ಯಾರು ನುಡಿಸಿದರು ಅಂತ ಹುಡುಕುವ ಈ ಹಂಬಲ ಹಳೆಯದು. 1930ರ ದಶಕದ ಮೊದಲ ವರ್ಷಗಳಲ್ಲಿ ತಟ್ಟೆಯ ಲೇಬಲ್ ಮೇಲೆ ಸಾಮಾನ್ಯವಾಗಿ ಬ್ಯಾಂಡಿನ ಹೆಸರಷ್ಟೇ ಇರುತ್ತಿತ್ತು. ಟ್ರಂಪೆಟ್ ಯಾರದು, ಕ್ಲಾರಿನೆಟ್ ಯಾರದು ಅಂತ ಕೇಳುಗರು ಕಿವಿಯಿಂದಲೇ ಪತ್ತೆ ಹಚ್ಚಬೇಕಿತ್ತು. ನ್ಯೂಯಾರ್ಕಿನ 42ನೇ ಬೀದಿಯಲ್ಲಿ ಕಮೊಡೊರ್ ಅನ್ನುವ ಅಂಗಡಿ ಇತ್ತು. ಅಪ್ಪನ ರೇಡಿಯೊ ಅಂಗಡಿಯನ್ನು ಮಿಲ್ಟ್ ಗೇಬ್ಲರ್ ರೆಕಾರ್ಡ್ ಅಂಗಡಿಯಾಗಿ ಬೆಳೆಸಿದ. ಕಂಪನಿಗಳು ಕೈಬಿಟ್ಟಿದ್ದ ಹಳೆಯ ಜಾಝ್ ತಟ್ಟೆಗಳನ್ನು ಮತ್ತೆ ಅಚ್ಚು ಹಾಕಿಸಿ, ನುಡಿಸಿದ ಪ್ರತಿಯೊಬ್ಬರ ಹೆಸರನ್ನೂ ಲೇಬಲ್ ಮೇಲೆ ಹಾಕಿಸಿದ. ಪ್ಯಾರಿಸ್‌ನಲ್ಲಿ ಷಾರ್ಲ್ ದಲೊನೆ 1936ರಲ್ಲಿ ಯಾವ ತಟ್ಟೆಯಲ್ಲಿ ಯಾರು ನುಡಿಸಿದ್ದಾರೆ ಅಂತ ಒಂದು ಪುಸ್ತಕವನ್ನೇ ಮಾಡಿದ. ಇವರಿಬ್ಬರೂ ಹೆಸರಾಗಿದ್ದು ವಾದ್ಯ ನುಡಿಸಿ ಅಲ್ಲ. ಕೇಳಿ, ಮಾತಾಡಿ, ಬರೆದಿಟ್ಟು.

ಗೇಬ್ಲರ್ ಬಗ್ಗೆ ನನಗೆ ಗೌರವ ಹೆಚ್ಚಲು ಇನ್ನೊಂದು ಕಾರಣ ಇದೆ. 1939ರಲ್ಲಿ ಬಿಲ್ಲಿ ಹಾಲಿಡೇ 'ಸ್ಟ್ರೇಂಜ್ ಫ್ರೂಟ್' ಹಾಡಲು ಹೊರಟಳು. ಕಪ್ಪು ಜನರನ್ನು ಕೊಂದು ಮರಕ್ಕೆ ನೇತುಹಾಕುತ್ತಿದ್ದುದರ ಬಗ್ಗೆ ಇದ್ದ ಹಾಡು ಅದು. ಅವಳ ದೊಡ್ಡ ಕಂಪನಿ ರೆಕಾರ್ಡ್ ಮಾಡಲು ಒಪ್ಪಲಿಲ್ಲ. ಮಾಡಿದ್ದು ಕಮೊಡೊರ್. ಒಂದು ಅಂಗಡಿ!

ಹುಚ್ಚು ಇನ್ನೂ ಮೇಲಕ್ಕೆ ಹೋದ ಕಥೆಯೂ ಇದೆ. ಡೀನ್ ಬೆನೆಡೆಟ್ಟಿ ತಾನೂ ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು. 1947ರ ಮಾರ್ಚ್‌ನಲ್ಲಿ ಲಾಸ್ ಏಂಜಲಿಸ್‌ನ ಹೈ-ಡಿ-ಹೋ ಕ್ಲಬ್ಬಿಗೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋಗಿ ಸ್ಯಾಕ್ಸೊಫೋನಿನ ದೊಡ್ಡ ಹೆಸರಾದ ಚಾರ್ಲಿ ಪಾರ್ಕರ್ ನುಡಿಸಿದ್ದನ್ನು ಹಿಡಿದ. ಆಮೇಲೆ ನ್ಯೂಯಾರ್ಕಿನಲ್ಲೂ ಹಿಡಿದ. ಪಾರ್ಕರ್ ಸೋಲೊ ಬಂದಾಗ ಯಂತ್ರ ಶುರು, ಬೇರೆಯವರು ಬಂದರೆ ಬಂದ್. ತಟ್ಟೆ, ಟೇಪು ದುಬಾರಿ. ಅವನಿಗೆ ಬೇಕಿದ್ದದ್ದೂ ಪಾರ್ಕರ್ ಮಾತ್ರ. ಬೆನೆಡೆಟ್ಟಿ 1957ರಲ್ಲಿ ತೀರಿಕೊಂಡ. ಆ ಟೇಪುಗಳು ಇವೆಯೋ ಇಲ್ಲವೋ ಅಂತ ಜಾಝ್ ಪ್ರಿಯರು ದಶಕಗಟ್ಟಲೆ ಮಾತಾಡಿಕೊಂಡರು. ಅವನ ಅಣ್ಣತಮ್ಮಂದಿರಲ್ಲಿ ಒಬ್ಬರ ಹತ್ತಿರ ಅವು ಜೋಪಾನವಾಗಿದ್ದವು. 1990ರಲ್ಲಿ ಮೊಸಾಯಿಕ್ ಕಂಪನಿ ಎಲ್ಲವನ್ನೂ ಹೊರತಂದಿತು.

ಕೇಳುವುದಕ್ಕೆ ಕಷ್ಟ. ಗರಗರ ಸದ್ದು ಜಾಸ್ತಿ. ಸೋಲೊ ಅರ್ಧದಿಂದ ಶುರುವಾಗುತ್ತದೆ, ಮುಗಿದ ಕೂಡಲೇ ಕತ್ತರಿಸಿದ ಹಾಗೆ ನಿಂತುಹೋಗುತ್ತದೆ. ನನ್ನ ಗೆಳತಿಗೆ ಇದು ಸಿಟ್ಟು ತರಿಸಿತು. "ಜೊತೆಯವರು ಏನು ಕೊಟ್ಟರು ಅಂತ ಗೊತ್ತಿಲ್ಲದೆ ಇವನು ಏನು ಉತ್ತರ ಕೊಟ್ಟ ಅಂತ ಹೇಗೆ ತಿಳೀಬೇಕು?" ಅಂದಳು. ಅವಳ ಮಾತು ನ್ಯಾಯವೇ. ಆದರೂ ಅದು ಒಬ್ಬ ಶಿಷ್ಯನ ಕಿವಿಯ ದಾಖಲೆ. ಸ್ಟುಡಿಯೊದಲ್ಲಿ ಮೂರು ನಿಮಿಷದ ತಟ್ಟೆಗೆ ಕಟ್ಟುಬಿದ್ದು ನುಡಿಸಿದ ಪಾರ್ಕರ್ ಬೇರೆ, ರಾತ್ರಿ ಕ್ಲಬ್ಬಿನಲ್ಲಿ ಹರಿದ ಪಾರ್ಕರ್ ಬೇರೆ. ಈ ಎರಡನೆಯವನು ನಮಗೆ ಇಷ್ಟು ಸಿಕ್ಕಿದ್ದರಲ್ಲಿ ಬೆನೆಡೆಟ್ಟಿಯ ಪಾಲು ದೊಡ್ಡದು.

ಈಗ ಮೇಷ್ಟ್ರ ರೆಕಾರ್ಡಿಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಬೇಕಿರುವುದು ಇದರ ಬಗ್ಗೆ.

ಮೇಷ್ಟ್ರು ಜಾಝ್ ಕಲಿತದ್ದು ಶಾರ್ಟ್‌ವೇವ್ ರೇಡಿಯೊದಲ್ಲಿ. ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕದಲ್ಲಿ 1955ರಿಂದ ವಿಲಿಸ್ ಕಾನೊವರ್ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದ. ದಪ್ಪ ದನಿ. ಇಂಗ್ಲಿಷ್ ಮನೆಮಾತಲ್ಲದವರಿಗೂ ತಿಳಿಯಲಿ ಅಂತ ಒಂದೊಂದೇ ಪದ ಬಿಡಿಸಿ, ನಿಧಾನವಾಗಿ ಮಾತಾಡುತ್ತಿದ್ದ. ಆ ರೇಡಿಯೊದ ಪ್ರಸಾರ ಹೊರದೇಶಗಳಿಗೆ ಮಾತ್ರ ಇದ್ದದ್ದರಿಂದ ಅವನ ಸ್ವಂತ ದೇಶದಲ್ಲಿ ಅವನ ಹೆಸರು ಗೊತ್ತಿದ್ದವರು ಕಡಿಮೆ. ವಾರ್ಸಾ, ಮಾಸ್ಕೊದಲ್ಲಿ ಅವನನ್ನು ಕಾದು ಕೂತು ಕೇಳುತ್ತಿದ್ದರು. ಇಲ್ಲೂ ಅಷ್ಟೆ. ಅಲೆ ಏರುತ್ತಾ ಇಳಿಯುತ್ತಾ ಇದ್ದ ಆ ಸದ್ದಿನಲ್ಲೇ ಮೇಷ್ಟ್ರು ದೊಡ್ಡ ಬ್ಯಾಂಡಿನ ನಾಯಕ ಡ್ಯೂಕ್ ಎಲಿಂಗ್‌ಟನ್‌ನನ್ನು ಕೇಳಿದ್ದು.

ಅವರು ತಂದದ್ದು ಎಲಿಂಗ್‌ಟನ್ 1956ರ ಜುಲೈ 7ರ ರಾತ್ರಿ ಅಮೆರಿಕದ ನ್ಯೂಪೋರ್ಟ್ ಜಾಝ್ ಉತ್ಸವದಲ್ಲಿ ನುಡಿಸಿದ ಕಛೇರಿ. ಆಗ ದೊಡ್ಡ ಬ್ಯಾಂಡುಗಳ ಕಾಲ ಮುಗಿಯಿತು ಅನ್ನುತ್ತಿದ್ದರು. ಎಲಿಂಗ್‌ಟನ್ ತನ್ನ 1937ರ ರಚನೆಯೊಂದನ್ನು ಎತ್ತಿಕೊಂಡ: 'ಡಿಮಿನ್ಯುಎಂಡೊ ಅಂಡ್ ಕ್ರೆಶೆಂಡೊ ಇನ್ ಬ್ಲೂ'. ಎರಡು ಭಾಗ. ನಡುವೆ ಟೆನರ್ ಸ್ಯಾಕ್ಸೊಫೋನಿನ ಪಾಲ್ ಗೊನ್ಸಾಲ್ವೆಸ್‌ಗೆ ಸೋಲೊ. ಎಷ್ಟು ಹೊತ್ತು ಅಂತ ಕಟ್ಟುಪಾಡಿಲ್ಲ. ಅವನು ಒಂದೇ ಸಮನೆ 27 ಕೋರಸ್ ನುಡಿಸಿದ.

ಬಾರು ಅಂದರೆ ತಾಳದ ಒಂದು ಸಣ್ಣ ಆವರ್ತ. ಹನ್ನೆರಡು ಬಾರಿನ ಬ್ಲೂಸ್‌ನ ಒಂದು ಸುತ್ತಿಗೆ ಒಂದು ಕೋರಸ್. ಅಂದರೆ 324 ಬಾರು. ಗೆಳತಿ ತೊಡೆ ಮೇಲೆ ತಾಳ ಹಾಕುತ್ತಾ ಆವರ್ತ ಎಣಿಸಿದಳು, ಲೆಕ್ಕ ಸರಿಯಾಗಿ ಬಂತು. ಅವಳು ಗಮನಿಸಿದ ಇನ್ನೊಂದು ವಿಷಯ ನನಗೆ ಹೊಸದು. ಗೊನ್ಸಾಲ್ವೆಸ್ ಎಲ್ಲೂ ದೊಡ್ಡ ಸಾಹಸ ಮಾಡುವುದಿಲ್ಲ. ಮೇಲಿನ ಸ್ವರಕ್ಕೆ ಹೋಗಿ ಕಿರುಚುವುದಿಲ್ಲ. ಲಯವನ್ನು ಬಿಡದೆ ಹಿಡಿದು, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು ಕಟ್ಟುತ್ತಾನೆ, ಅಷ್ಟೆ. ಜನ ಎದ್ದು ನಿಲ್ಲುವುದು, ಕೂಗುವುದು ನಮಗೆ ಕೇಳಿಸುತ್ತಾ ಹೋಗುತ್ತದೆ. ಕಪ್ಪು ಉಡುಪಿನ ಹೆಂಗಸೊಬ್ಬಳು ಎದ್ದು ಕುಣಿಯತೊಡಗಿದಳಂತೆ. ವೇದಿಕೆಯ ಅಂಚಿನಲ್ಲಿ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ಹೊಡೆಯುತ್ತಾ ಹುರಿದುಂಬಿಸುತ್ತಿದ್ದನಂತೆ.

ಆದರೆ 1956ರಲ್ಲಿ ಬಂದ ಎಲ್‌ಪಿಯಲ್ಲಿ ಆ ಸೋಲೊ ದೂರದಿಂದ ಬಂದಂತೆ ಕೇಳಿಸುತ್ತದೆ. ಯಾಕೆಂದರೆ ಗೊನ್ಸಾಲ್ವೆಸ್ ಕೊಲಂಬಿಯಾದ ಮೈಕ್ ಬಿಟ್ಟು ಪಕ್ಕದ ಮೈಕಿನ ಮುಂದೆ ನಿಂತು ನುಡಿಸಿದ್ದ. ಆ ಪಕ್ಕದ ಮೈಕು ವಾಯ್ಸ್ ಆಫ್ ಅಮೆರಿಕದ್ದು. ಅಷ್ಟೇ ಅಲ್ಲ, ಆ ಎಲ್‌ಪಿಯ ಕೆಲವು ಭಾಗಗಳನ್ನು ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ನುಡಿಸಿ ಚಪ್ಪಾಳೆ ಸೇರಿಸಿದ್ದರು. ಸುಮಾರು ನಾಲ್ಕು ದಶಕ ಆದ ಮೇಲೆ ರೇಡಿಯೊದವರ ಟೇಪು ಸಿಕ್ಕಿತು. ಎರಡು ಕಡೆಯ ಮೈಕುಗಳ ಟೇಪನ್ನು ಒಂದಕ್ಕೊಂದು ಹೊಂದಿಸಿ, ಒಂದನ್ನು ಎಡಕ್ಕೆ, ಇನ್ನೊಂದನ್ನು ಬಲಕ್ಕೆ ಇಟ್ಟು 1999ರಲ್ಲಿ ಹೊಸದಾಗಿ ಬಿಡುಗಡೆ ಮಾಡಿದರು. ಗೊನ್ಸಾಲ್ವೆಸ್ ಕೊನೆಗೂ ಹತ್ತಿರ ಬಂದ.

ಮೇಷ್ಟ್ರು ಎರಡನ್ನೂ ಹಾಕಿ ಕೇಳಿಸಿದರು. ಆಮೇಲೆ ಅಂದರು: "ನೋಡಮ್ಮಾ, ಅವನು ನಿಂತದ್ದು ನಮ್ಮ ಮೈಕಿನ ಮುಂದೆ."

ನಾನು ಆ ಮಾತನ್ನು ಇನ್ನೂ ಯೋಚಿಸುತ್ತಿದ್ದೇನೆ. ದೂರದ ದೇಶಗಳಲ್ಲಿ ರೇಡಿಯೊ ಕಿವಿಗಿಟ್ಟು ಕೂತಿದ್ದವರಿಗಾಗಿ ಇಟ್ಟ ಮೈಕು ಅದು. ಕಂಪನಿ ಹಣ ಹಾಕಿ ಇಟ್ಟ ಮೈಕಿನಲ್ಲಿ ಸರಿಯಾಗಿ ಸಿಗದ ಸಂಗೀತ ಅದರಲ್ಲಿ ಸಿಕ್ಕಿತು.

ಇದು ಒಂದೇ ಸಲ ಆದದ್ದೂ ಅಲ್ಲ. 1957ರಲ್ಲಿ ಪಿಯಾನೊದ ಥೆಲೋನಿಯಸ್ ಮಂಕ್ ಮತ್ತು ಸ್ಯಾಕ್ಸೊಫೋನಿನ ಜಾನ್ ಕೊಲ್‌ಟ್ರೇನ್ ತಿಂಗಳುಗಟ್ಟಲೆ ನ್ಯೂಯಾರ್ಕಿನ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಒಟ್ಟಿಗೆ ನುಡಿಸಿದರು. ಜಾಝ್ ಚರಿತ್ರೆಯಲ್ಲೇ ದೊಡ್ಡ ಕೂಟ ಅದು. ರೆಕಾರ್ಡ್ ಆಗಿ ಉಳಿದದ್ದು ಬಹಳ ಸ್ವಲ್ಪ. 2005ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನ ಲ್ಯಾರಿ ಆಪಲ್‌ಬಾಮ್ ಹಳೆಯ ಟೇಪುಗಳನ್ನು ಡಿಜಿಟಲ್‌ಗೆ ಇಳಿಸುತ್ತಿದ್ದಾಗ ಇವರಿಬ್ಬರೂ 1957ರ ನವೆಂಬರ್ 29ರಂದು ಕಾರ್ನೆಗಿ ಹಾಲ್‌ನಲ್ಲಿ ನುಡಿಸಿದ ಕಛೇರಿಯ ಟೇಪು ಕಣ್ಣಿಗೆ ಬಿತ್ತು. ಅದನ್ನೂ ಹಿಡಿದಿದ್ದು ವಾಯ್ಸ್ ಆಫ್ ಅಮೆರಿಕದವರೇ. ಸುಮಾರು ಅರ್ಧ ಶತಮಾನ ಡಬ್ಬಿಯಲ್ಲಿ ಕೂತಿದ್ದ ಟೇಪು, ಈಗ ಕೇಳಿದರೆ ಪಿಯಾನೊ ಎದುರಿಗೇ ಇದ್ದಂತಿದೆ. 'ಮಂಕ್ಸ್ ಮೂಡ್' ಒಂದೇ ಸಾಕು. ಮಂಕ್ ವಕ್ರವಾಗಿ ಇಟ್ಟ ಪ್ರತಿ ಹೆಜ್ಜೆಯ ಪಕ್ಕದಲ್ಲೂ ಕೊಲ್‌ಟ್ರೇನ್ ಒಂದು ಹಿಡಿ ಸ್ವರ ಚೆಲ್ಲಿ ನಡೆಯುತ್ತಾನೆ. ಹಾಡು ಗೊತ್ತಿದ್ದವನ ಧೈರ್ಯ ಅದು.

ಬಿಲ್ ಇವಾನ್ಸ್ 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್ಬಿನಲ್ಲಿ ನುಡಿಸಿದ ರೆಕಾರ್ಡಿಂಗ್ ಬಗ್ಗೆ ಒಂದೇ ಮಾತು. ನಮ್ಮ ಹುಡುಗನಿಗೆ ಅದರಲ್ಲಿ ಗ್ಲಾಸುಗಳ ಸದ್ದು, ಜನರ ಗುಜುಗುಜು ಬಹಳ ಇಷ್ಟ. ನನಗೆ ಅದು ಕಿರಿಕಿರಿ. ಸ್ಕಾಟ್ ಲಫಾರೊ 25ರ ಹುಡುಗ, ಬೇಸ್ ಹಿಡಿದು ಪಿಯಾನೊ ಜೊತೆ ಸಮಸಮವಾಗಿ ಮಾತಾಡುತ್ತಿದ್ದಾನೆ. ಹನ್ನೊಂದು ದಿನ ಆದ ಮೇಲೆ ಕಾರು ಅಪಘಾತದಲ್ಲಿ ತೀರಿಹೋದ. ಅದು ಗೊತ್ತಿದ್ದು ಕೇಳುವಾಗ ಪಕ್ಕದ ಮೇಜಿನವರನ್ನು ಸುಮ್ಮನಿರಿಸಬೇಕು ಅನ್ನಿಸುತ್ತದೆ.

ನನ್ನ ಪಾಳಿ ಬಂದಾಗ ನಾನು ಇಟ್ಟದ್ದು ಕೊಲ್‌ಟ್ರೇನ್‌ನ 'ಎ ಲವ್ ಸುಪ್ರೀಮ್'. 1964ರ ಡಿಸೆಂಬರ್ 9ರಂದು ನ್ಯೂಜೆರ್ಸಿಯ ರೂಡಿ ವ್ಯಾನ್ ಗೆಲ್ಡರ್ ಸ್ಟುಡಿಯೊದಲ್ಲಿ ನಾಲ್ವರು ನುಡಿಸಿದ್ದು. ಪಿಯಾನೊ ಮೆಕಾಯ್ ಟೈನರ್, ಬೇಸ್ ಜಿಮ್ಮಿ ಗ್ಯಾರಿಸನ್, ಡ್ರಮ್ಸ್ ಎಲ್ವಿನ್ ಜೋನ್ಸ್. ನಾಲ್ಕು ಭಾಗ ಇವೆ. ನಾನು ಹಾಕಿದ್ದು ಕೊನೆಯದು, 'ಸಾಮ್', ಅಂದರೆ ಸ್ತೋತ್ರ, ಅನ್ನುವ ಭಾಗ. ಹಾಕುವ ಮೊದಲು ಕವರಿನ ಒಳಗೆ ಅಚ್ಚಾಗಿರುವ ಕೊಲ್‌ಟ್ರೇನ್‌ನ ಪದ್ಯವನ್ನು ಮೂವರಿಗೂ ಕೊಟ್ಟೆ. ಬೆರಳಿಟ್ಟು ಓದುತ್ತಾ ಕೇಳಿ ಅಂದೆ.

ಸ್ಯಾಕ್ಸೊಫೋನ್ ಆ ಪದ್ಯವನ್ನು ಅಕ್ಷರ ಅಕ್ಷರವಾಗಿ ನುಡಿಸುತ್ತದೆ. ಬಾಯಲ್ಲಿ ಒಂದು ಪದವೂ ಇಲ್ಲ. ಆದರೂ ಸಾಲು ಎಲ್ಲಿ ಮುಗಿಯಿತು, ಉಸಿರು ಎಲ್ಲಿ ಬಿಟ್ಟ ಅಂತ ಪದ್ಯ ನೋಡಿದರೆ ಸ್ಪಷ್ಟ. ದೇವರಿಗೆ ಕೃತಜ್ಞತೆ ಹೇಳುವ ಸಾಲು ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ನಾದ ಅದೇ ರೀತಿ ತಲೆಬಾಗಿ ಇಳಿಯುತ್ತದೆ. ತಾಳದ ಕಟ್ಟು ಇಲ್ಲ. ಎಲ್ವಿನ್ ಜೋನ್ಸ್ ಕೆಳಗೆ ಟಿಂಪನಿ ಅನ್ನುವ ದೊಡ್ಡ ನಗಾರಿಯನ್ನು ಗುಡುಗಿಸುತ್ತಾ ಇರುತ್ತಾನೆ.

ನಮಗೆ ಇದು ಪರಕೀಯ ಅಲ್ಲವೇ ಅಲ್ಲ. ಸಾಹಿತ್ಯ ಮನಸ್ಸಿನಲ್ಲಿ ಇಟ್ಟುಕೊಂಡು ಪಿಟೀಲು, ವೀಣೆ ನುಡಿಸುವುದನ್ನು ಕೇಳಿ ಬೆಳೆದವರು ನಾವು. ತಾಳ ಬಿಟ್ಟು ಮಾತಿನ ನಡೆಯನ್ನೇ ಹಿಡಿದು ಹಾಡುವ ಉಗಾಭೋಗ ನಮ್ಮ ದಾಸರದೇ. ಮೇಷ್ಟ್ರು ಈ ರೆಕಾರ್ಡನ್ನು ಬಹಳ ವರ್ಷದಿಂದ ಕೇಳುತ್ತಿದ್ದಾರೆ. ಪದ್ಯ ಹಿಡಿದು ಕೇಳಿದ್ದು ಇದೇ ಮೊದಲು ಅಂದರು. ಮುಗಿದ ಮೇಲೆ "ಇನ್ನೊಂದ್ಸಲ ಹಾಕಮ್ಮ" ಅಂದರು. ಹಾಕಿದೆ. ನಾನು ಕೂಟಕ್ಕೆ ಹೋಗುವುದು ಇಂಥದ್ದಕ್ಕೇ.

ಗೆಳತಿ ತಂದದ್ದು ಮಾತ್ರ ನಮ್ಮೂರಿನ ಜನರ ರೆಕಾರ್ಡು: 1983ರ 'ಜ್ಯೋತಿ'. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಮತ್ತು ಚಾರ್ಲಿ ಮರಿಯಾನೊ. ಜರ್ಮನಿಯ ಇಸಿಎಂ ಕಂಪನಿ ತಂದದ್ದು. ಆರ್.ಎ. ರಮಾಮಣಿ ಹಾಡಿದ್ದಾರೆ, ಟಿ.ಎ.ಎಸ್. ಮಣಿ ಮೃದಂಗ. ಜೊತೆಗೆ ಘಟ, ಮೋರ್ಸಿಂಗ್, ಖಂಜಿರ, ಬಾಯಲ್ಲಿ ಜತಿ ಹೇಳುವ ಕೊನ್ನಕೋಲ್. ಮರಿಯಾನೊ ಸಾಮಾನ್ಯ ಆಸಾಮಿ ಅಲ್ಲ. 1963ರಲ್ಲಿ ಚಾರ್ಲ್ಸ್ ಮಿಂಗಸ್‌ನ 'ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ'ಯಲ್ಲಿ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಅತ್ತವನು ಅವನೇ. ಆಮೇಲೆ ನಾಗಸ್ವರವನ್ನೂ ಕಲಿತ.

ಇದು ಜಾಝ್ ಹೌದೋ ಅಲ್ಲವೋ ಅಂತ ಆ ಸಂಜೆ ಜೋರು ಜಗಳವೇ ಆಯಿತು. ಮೇಷ್ಟ್ರು ಅಲ್ಲ ಅಂದರು. ಹುಡುಗ ಆ ಪ್ರಶ್ನೆಯೇ ಬೇಡ ಅಂದ. ನನ್ನ ಅಭಿಪ್ರಾಯ ಬೇರೆ. ಮರಿಯಾನೊ ಇಲ್ಲಿ ತನ್ನ ಜಾಣತನ ತೋರಿಸಲು ಹೋಗುವುದಿಲ್ಲ. ರಮಾಮಣಿಯವರ ದನಿ ಎಲ್ಲಿ ನಿಂತಿತೋ ಅಲ್ಲಿಂದ ಎತ್ತಿಕೊಳ್ಳುತ್ತಾನೆ, ಅವರಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತಾನೆ. ಒಬ್ಬರನ್ನೊಬ್ಬರು ಕೇಳಿಸಿಕೊಂಡು ಅಲ್ಲೇ, ಆಗಲೇ ಉತ್ತರ ಕೊಡುವುದು ಜಾಝ್‌ನ ಜೀವ ಅಂತ ನಾನು ನಂಬಿದ್ದೇನೆ. ಆ ಲೆಕ್ಕದಲ್ಲಿ 'ಜ್ಯೋತಿ' ಜಾಝೇ. ಬೆಂಗಳೂರಿನಲ್ಲಿ ಜಾಝ್ ಪ್ರಿಯರು ಅನ್ನಿಸಿಕೊಂಡವರೂ ಇದನ್ನು ಕೇಳಿಲ್ಲ ಅಂದಾಗ ನನಗೆ ಬೇಸರ ಆಗುತ್ತದೆ.

ಮುಂದಿನ ಸಲಕ್ಕೆ 2008ರ 'ಕಿನ್ಸ್‌ಮೆನ್' ತೆಗೆದಿಟ್ಟಿದ್ದೇನೆ. ಅಮೆರಿಕದ ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ನಮ್ಮ ಕದ್ರಿ ಗೋಪಾಲನಾಥ್ ಒಟ್ಟಿಗೆ ನುಡಿಸಿದ್ದು. ಕಾಲೇಜಿನಲ್ಲಿದ್ದಾಗ ಅಣ್ಣ ತಮಾಷೆಗೆ ಕೊಟ್ಟ ಒಂದು ರೆಕಾರ್ಡಿನಿಂದ ರುದ್ರೇಶ್‌ಗೆ ಕದ್ರಿಯವರ ಪರಿಚಯ ಆಯಿತು. ಅದೇ ವಾದ್ಯ, ಎರಡು ಊರಿನ ಉಸಿರು. ಕದ್ರಿಯವರ ಗಮಕ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗುತ್ತದೆ, ರುದ್ರೇಶ್ ಮೂಲೆ ಮೂಲೆಯನ್ನೂ ಕಡಿದು ಚೂಪು ಮಾಡುತ್ತಾನೆ. ಇಬ್ಬರೂ ಹತ್ತಿರ ಹತ್ತಿರ ಬರುವ ಜಾಗಗಳಿವೆ. ಅಲ್ಲಿ ಯಾರು ಯಾರು ಅಂತ ಕವರ್ ನೋಡದೆ ಮೂವರೂ ಹೇಳಬೇಕು. ಎ. ಕನ್ಯಾಕುಮಾರಿಯವರ ಪಿಟೀಲು ಇದೆ, ಪೂವಲೂರು ಶ್ರೀಜಿಯವರ ಮೃದಂಗದ ಪಕ್ಕದಲ್ಲೇ ಡ್ರಮ್ಸ್ ಕೂಡ ಇದೆ. ಗೆಳತಿ ಆ ಎರಡರ ಬಗ್ಗೆ ಏನು ಹೇಳುತ್ತಾಳೋ ಅಂತ ಕಾಯುತ್ತಿದ್ದೇನೆ.